ಅಡಿಕೆ ಕಣದ ಉಗಿಬಂಡಿ

ರೈಲಿಲ್ಲದ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ರೈಲಿನ ವಿಷಯದಲ್ಲಿ ಉಂಟಾಗುವ ವ್ಯಾಮೋಹವು, ನಿಲ್ದಾಣದ ಮಗ್ಗುಲಲ್ಲಿಯೇ ಮನೆ ಮಾಡಿಕೊಂಡು ಹಗಲಿರುಳೂ ಶಂಟಿಂಗಿನ ಗದ್ದಲವನ್ನು ಕೇಳಿ ಬೇಸತ್ತವನಿಗೆ ಎಂದಿಗೂ ಅರ್ಥವಾಗತಕ್ಕದ್ದಲ್ಲ. ನಮ್ಮ ಸೂಳೆಕೆರೆಯ ಸೀಮೆಗೆ ವಿಧಾತನು ಮಿಕ್ಕ ವಿಷಯಗಳಲ್ಲಿ ಜಿಪುಣತನ ತೋರಿದವನಲ್ಲ. ಎರಡು ಗುಡ್ಡಗಳ ನಡುವಣ ಕಂದರಕ್ಕೆ ಸುಮಾರು 950 ಅಡಿ ಉದ್ದದ ಏರಿಯೊಂದನ್ನು ಹಾಕಿಸಿ 6550 ಎಕರೆಯ ಜಲರಾಶಿಯನ್ನು ನಿಲ್ಲಿಸಿದಳೆಂದು ಐತಿಹ್ಯವು ಕೊಂಡಾಡುವ ರಾಜಕುಮಾರಿ ಶಾಂತವ್ವೆಯನ್ನು ಕೊಟ್ಟನು. ಆ ನೀರು ಸಿದ್ಧನ ತೂಬು, ಬಸವನ ತೂಬುಗಳಿಂದ ಹರಿದು ತಂಪು ಮಾಡುವ ತೋಟ ಗದ್ದೆಗಳನ್ನು ಕೊಟ್ಟನು. ತೋಟಗಳಲ್ಲಿ ಅಡಿಕೆಯನ್ನೂ, ಅಡಿಕೆಯ ಧಾರಣೆಯನ್ನು ಕುರಿತು ಬೆಳಗಿನಿಂದ ಬೈಗಿನವರೆಗೆ ಮಾತನಾಡಬಲ್ಲ ಜನರನ್ನೂ ಕೊಟ್ಟನು. ಕೊಡಲು ಮರೆತದ್ದು ರೈಲೊಂದನ್ನೇ. ಚನ್ನಗಿರಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ದಾವಣಗೆರೆಗೋ ಚಿಕ್ಕಜಾಜೂರಿಗೋ ಭದ್ರಾವತಿಗೋ ಹೋಗಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪಾಡೂ ಇದಕ್ಕಿಂತ ಬೇರೆಯಲ್ಲ. ಇಂಥ ಸೀಮೆಯಲ್ಲಿ ನಿವೃತ್ತ ಉಪಾಧ್ಯಾಯನೊಬ್ಬನು ಹಿತ್ತಿಲ ಕಣದಲ್ಲಿ ಕಂಬಿ ಹಾಸಿ, ನೀರು ಕಾಯಿಸಿ, ಹಿತ್ತಾಳೆಯ ಪುಟ್ಟ ಉಗಿಯೆಂಜಿನ್ನೊಂದನ್ನು ಓಡಿಸತೊಡಗಿದರೆ ಅದನ್ನು ಹುಚ್ಚೆಂದು ಕರೆಯುವವರು ಕರೆಯಲಿ. ನಾಡಿನ ಕೊರತೆಯೊಂದನ್ನು ಸ್ವಂತ ಖರ್ಚಿನಿಂದ ನೀಗಿಸುವ ಸಾರ್ವಜನಿಕ ಸೇವೆಯೆಂದು ಕರೆದುಕೊಳ್ಳಲು ನನಗೂ ಅಷ್ಟೇ ಅಧಿಕಾರವುಂಟು.

ಮೊದಲನೆಯ ಎಂಜಿನ್ನು ಸಿಕ್ಕಿದ್ದು ಬೆಂಗಳೂರಿನ ಚಿಕ್ಕಪೇಟೆಯ ಬಳಿ ಭಾನುವಾರದ ಬೆಳಗ್ಗೆ ರಸ್ತೆಯ ಮೇಲೆಯೇ ನೆರೆಯುವ ಸಂಡೇ ಬಜಾರಿನಲ್ಲಿ. ಮಾತು ನಿಂತ ರೇಡಿಯೋಗಳು, ಜೊತೆ ತಪ್ಪಿದ ಬೂಟುಗಳು, ಮುಳ್ಳು ಕಳೆದುಕೊಂಡ ಗಡಿಯಾರಗಳು, ಇವುಗಳ ನಡುವೆ ಅದು ಕಿಲುಬು ಹಿಡಿದು ಮಲಗಿತ್ತು. ಮಾರುವವನು ಅದನ್ನು ಯಾವುದೋ ಪಂಪ್ ಸ್ಟೌವಿನ ಒಳಭಾಗವೆಂದು ತಿಳಿದಿದ್ದನು; ನಾನು ಹಾಗಲ್ಲವೆಂದು ತಿದ್ದಲು ಹೋಗಲಿಲ್ಲ. ಮೂವತ್ತು ವರ್ಷ ಹುಡುಗರನ್ನು ತಿದ್ದಿದ ನಾಲಗೆಯು ಆ ದಿನ ತೋರಿದ ಸಂಯಮವನ್ನು ನೆನೆದರೆ ನನಗೇ ಗೌರವ ಹುಟ್ಟುತ್ತದೆ.

ಮನೆಗೆ ತಂದು ನೋಡಿದಾಗ ಅದರ ಕುಲಗೋತ್ರ ತಿಳಿಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಅನುಕೂಲಸ್ಥರು ಮಕ್ಕಳಿಗೆ ಕೊಡಿಸುತ್ತಿದ್ದ ಹಿತ್ತಾಳೆಯ ಉಗಿಯೆಂಜಿನ್ನುಗಳ ಮನೆತನ ಇದು. ಅವಕ್ಕೆ ಕಂಬಿಯ ಹಂಗಿರಲಿಲ್ಲ. ನೆಲದ ಮೇಲೆಯೇ ತಮಗೆ ತೋಚಿದತ್ತ ಓಡುತ್ತಿದ್ದುವು. ಓಡಿದ ದಾರಿಯುದ್ದಕ್ಕೂ ನೀರನ್ನೂ ಎಣ್ಣೆಯನ್ನೂ, ಒಮ್ಮೊಮ್ಮೆ ಉರಿಯುತ್ತಿರುವ ಸ್ಪಿರಿಟ್ಟನ್ನೂ ಚೆಲ್ಲಿಕೊಂಡು ಹೋಗುತ್ತಿದ್ದುದರಿಂದ ಬರ್ಮಿಂಗ್‌ಹ್ಯಾಮಿನ ಜೊಲ್ಲುಬುರುಕರೆಂಬ ಬಿರುದನ್ನೂ ಪಡೆದಿದ್ದುವು. ಸಾವಿರಾರು ರೂಪಾಯಿಯ ರತ್ನಗಂಬಳಿಯ ಮೇಲೆ ಬೆಂಕಿಯನ್ನು ಕಾರುವ ಆಟಿಕೆಯನ್ನು ಬಿಟ್ಟು, ಮಗನು ಯಂತ್ರಶಾಸ್ತ್ರ ಕಲಿಯುತ್ತಿದ್ದಾನೆಂದು ಸಂತೋಷಪಟ್ಟ ಆ ತಂದೆತಾಯಿಗಳ ಸ್ಥೈರ್ಯದ ಮುಂದೆ ನಮ್ಮ ಕಾಲದ ಪೋಷಕರು ಏನೂ ಅಲ್ಲ.

ಇದರ ಒಳಗಿನ ಚಮತ್ಕಾರವನ್ನು ಹೇಳದೆ ಮುಂದೆ ಹೋಗಲಾರೆ. ದೊಡ್ಡ ಎಂಜಿನ್ನಿನಲ್ಲಿ ಸಿಲಿಂಡರು ಸ್ಥಿರವಾಗಿದ್ದು, ಉಗಿಯನ್ನು ಒಳಗೆ ಬಿಡುವುದಕ್ಕೂ ಹೊರಗೆ ಕಳುಹಿಸುವುದಕ್ಕೂ ಬೇರೆ ಕವಾಟಗಳೂ ಅವನ್ನು ಆಡಿಸುವ ಸರಳುಗಳ ಜಾಲವೂ ಇರುತ್ತವೆ. ಈ ಬಡಪಾಯಿಗೆ ಅಷ್ಟು ಸಿಬ್ಬಂದಿಯಿಲ್ಲ. ಸಿಲಿಂಡರೇ ಒಂದು ಮೊಳೆಯ ಮೇಲೆ ಅತ್ತಿತ್ತ ತೂಗಾಡುತ್ತದೆ. ಅತ್ತ ತೂಗಿದಾಗ ಅದರ ರಂಧ್ರವು ಉಗಿ ಬರುವ ರಂಧ್ರದೆದುರು ನಿಲ್ಲುತ್ತದೆ, ಇತ್ತ ತೂಗಿದಾಗ ಉಗಿ ಹೋಗುವ ರಂಧ್ರದೆದುರು. ದ್ವಾರಪಾಲಕನೂ ತಾನೇ, ದುಡಿಯುವವನೂ ತಾನೇ. ತಣ್ಣಗಿರುವ ಸಿಲಿಂಡರಿಗೆ ಹೊಕ್ಕ ಉಗಿಯು ಅಲ್ಲಿಯೇ ನೀರಾಗಿಬಿಡುವುದರಿಂದ ಮೊದಲು ಚಕ್ರಗಳನ್ನು ಬೆರಳಿನಿಂದ ನೂಕಿ ತಿರುಗಿಸಬೇಕು. ಆಗ ಅದು ಕೆಮ್ಮಿ, ಕಾದ ನೀರನ್ನೂ ಕರಿಯ ಎಣ್ಣೆಯನ್ನೂ ಅಂಗಿಯ ತೋಳಿನ ಮೇಲೆ ಉಗುಳಿ, ಮತ್ತೆ ಕೆಮ್ಮಿ, ಇದ್ದಕ್ಕಿದ್ದ ಹಾಗೆ ಬೆರಳನ್ನು ಒದರಿಕೊಂಡು ಹೊರಟುಬಿಡುತ್ತದೆ. ಆ ಒದರುವಿಕೆಯ ಸುಖಕ್ಕಾಗಿಯೇ ಈ ಹವ್ಯಾಸವಿರುವುದು.

ಆದರೆ ಸುಖವು ಕ್ಷಣಿಕ, ಸೇವೆಯು ನಿರಂತರ. ಎಂಜಿನ್ನು ಸಣ್ಣದಾದಷ್ಟೂ ಅದಕ್ಕೆ ಬೇಕಾಗುವ ಆಳುಗಳು ಹೆಚ್ಚೆಂಬುದು ನಾನು ಕಂಡುಕೊಂಡ ಸತ್ಯ. ಶಿವಮೊಗ್ಗದ ಗಾಡಿಯನ್ನು ಒಬ್ಬ ಡ್ರೈವರೂ ಇಬ್ಬರು ಫೈರ್‌ಮನ್ನರೂ ಓಡಿಸಿಕೊಂಡು ಹೋಗುತ್ತಿದ್ದರು. ನನ್ನ ಒಂದು ಮೊಳದ ಎಂಜಿನ್ನಿಗೆ ನಾನು, ನನ್ನ ಮನೆಯಾಕೆ, ತೋಟದ ಆಳು, ನೆರೆಮನೆಯ ಇಬ್ಬರು ಹುಡುಗರು, ಸಾಲದುದಕ್ಕೆ ಚನ್ನಗಿರಿಯ ಕಲಾಯಿಗಾರ. ನಿತ್ಯವೂ ಸ್ನಾನ, ತೈಲ, ದೀಪ, ನೈವೇದ್ಯಗಳನ್ನು ಬಯಸುವ ಮನೆದೇವರಿಗೂ ಅದಕ್ಕೂ ನಾನು ಕಂಡ ವ್ಯತ್ಯಾಸವೆಂದರೆ, ಮನೆದೇವರು ಉಪಚಾರದಲ್ಲಿ ಲೋಪವಾದರೆ ಕ್ಷಮಿಸುತ್ತಾನೆ. ಹಿತ್ತಾಳೆಯ ಹೊಳಪಿಗೆ ಹುಣಸೆಹಣ್ಣಿಗೆ ಮಿಗಿಲಾದುದಿಲ್ಲವಾದ್ದರಿಂದ ಅಡಿಗೆಯ ಮನೆಯ ಭರಣಿಯ ಕಡೆಗೆ ನನ್ನ ಓಡಾಟ ಹೆಚ್ಚಿತು. ಒಂದು ದಿನ ಆಕೆ, "ನೋಡ್ರಿ, ಸಾರಿಗೆ ಹುಣಿಸೆಹಣ್ಣು ಬೇಕೋ ರೈಲಿಗೆ ಬೇಕೋ ಬೆಳಿಗ್ಗೇನೆ ಹೇಳಿಬಿಡ್ರಿ, ಅಷ್ಟರ ಮೇಲೆ ಬ್ಯಾಳಿಗೆ ಎಸರಿಡ್ತೀನಿ" ಎಂದಳು. ಆಯುಧಪೂಜೆಯ ದಿನ ಮಾತ್ರ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹೊಗೆಕೊಳವಿಗೆ ಸೇವಂತಿಗೆ ಮುಡಿಸುವವಳೂ ಆಕೆಯೇ.

ಹಳೆಯ ಹಿತ್ತಾಳೆಗೆ ಹೊಸ ಸ್ಟೀಲು ಕೊಡುವ ಪಾತ್ರೆಯವನೊಬ್ಬನು ವರ್ಷಕ್ಕೊಮ್ಮೆ ನಮ್ಮ ಬೀದಿಗೆ ಬರುವುದುಂಟು. ನಾನು ಹೊರಗೆ ಹೋಗಿದ್ದಾಗ ಬಂದವನು ಜಗಲಿಯ ಮೇಲೆ ಆರಲು ಇಟ್ಟಿದ್ದ ಎಂಜಿನ್ನನ್ನು ಎತ್ತಿ ತಕ್ಕಡಿಗೆ ಹಾಕಿಯೇಬಿಟ್ಟಿದ್ದನಂತೆ. ನಾನು ಬಾಗಿಲಿಗೆ ಬರುವ ವೇಳೆಗೆ, "ಒಳಗ ಕಬ್ಬಿಣ ಐತವ್ವ, ಗಾಲಿ ತೂಕ ಕಳೀಬೇಕು, ಒಂದು ಇಡ್ಲಿ ಪಾತ್ರೆ ಕೊಡಬಹುದು" ಎಂದು ವ್ಯಾಪಾರವು ಮುಕ್ತಾಯದ ಹಂತಕ್ಕೆ ಬಂದಿತ್ತು. ಮನೆಯಾಕೆಯ ಮುಖದಲ್ಲಿ ಇಡ್ಲಿ ಪಾತ್ರೆಯ ಗಾತ್ರವನ್ನು ಅಳೆಯುವ ನೋಟವಿದ್ದಿತೆಂದು ನಾನು ಹೇಳುತ್ತೇನೆ, ಆಕೆ ಇಲ್ಲವೆನ್ನುತ್ತಾಳೆ.

ಆಟಿಕೆಯೆಂದು ಹಳಿಯುವವರಿಗೆ ಹೇಳಲು ನನ್ನಲ್ಲಿ ಚರಿತ್ರೆಯಿದೆ. ಕಂಬಿಯ ಮೇಲೆ ಓಡುವ ದೊಡ್ಡ ಎಂಜಿನ್ನುಗಳೆಲ್ಲಕ್ಕೂ ಮುಂಚೆ ಹುಟ್ಟಿದ್ದು ಪುಟ್ಟ ಎಂಜಿನ್ನು. 1784ರಲ್ಲಿ ಕಾರ್ನ್‌ವಾಲಿನಲ್ಲಿ ವಿಲಿಯಂ ಮರ್ಡಕ್ ಎಂಬಾತನು ಮೂರು ಗಾಲಿಯ ಉಗಿಬಂಡಿಯ ಮಾದರಿಯೊಂದನ್ನು ಮಾಡಿ, ರಾತ್ರಿ ಚರ್ಚಿನ ಹಾದಿಯಲ್ಲಿ ಓಡಿಸಲು, ಅದು ಆತನ ಕೈಗೆ ಸಿಗದೆ ಕಿಡಿಕಾರುತ್ತ ಓಡಿ ಎದುರಿಗೆ ಬಂದ ಪಾದ್ರಿಗೆ ಸಾಕ್ಷಾತ್ ಸೈತಾನನ ದರ್ಶನ ಮಾಡಿಸಿತೆಂದು ಕಥೆ. ಜಪಾನಿನ ವೃತ್ತಾಂತವಂತೂ ನನಗೆ ಕಂಠಪಾಠ. 1853ರಲ್ಲಿ ನಾಗಾಸಾಕಿಗೆ ಬಂದ ರಷ್ಯನ್ ಹಡಗಿನಲ್ಲಿ ಸ್ಪಿರಿಟ್ಟಿನಿಂದ ಓಡುವ ಪುಟ್ಟ ಎಂಜಿನ್ನೊಂದನ್ನು ಅಲ್ಲಿಯವರು ಕಣ್ಣರಳಿಸಿ ನೋಡಿದರು; ಮರುವರ್ಷವೇ ಅಮೆರಿಕದ ಕಮೊಡೋರ್ ಪೆರ್ರಿಯು ನಾಲ್ಕರಲ್ಲೊಂದು ಅಳತೆಯ ಎಂಜಿನ್ನನ್ನೂ ಗಾಡಿಯನ್ನೂ ಕಾಣಿಕೆಯಾಗಿ ತಂದು ಯೊಕೊಹಾಮಾದಲ್ಲಿ ವರ್ತುಲಾಕಾರದ ಕಂಬಿ ಹಾಸಿಸಿದನು. ಗಾಡಿಯೊಳಗೆ ಮನುಷ್ಯರು ಹಿಡಿಸುವಂತಿರಲಿಲ್ಲ, ಹಾಗೆಂದು ಬಿಡುವುದುಂಟೇ? ಘನತೆವೆತ್ತ ಅಧಿಕಾರಿಯೊಬ್ಬನು ಗಾಡಿಯ ಮಾಡಿನ ಅಂಚನ್ನು ಭದ್ರವಾಗಿ ಹಿಡಿದು ಮೇಲೆ ಕುಳಿತು, ನಿಲುವಂಗಿಯನ್ನು ಗಾಳಿಗೆ ಹಾರಿಸುತ್ತ, ಗಂಟೆಗೆ 20 ಮೈಲಿ ವೇಗದಲ್ಲಿ ಸುತ್ತು ಹಾಕಿದನು. 1855ರಲ್ಲಿ ಸಾಗಾ ಸಂಸ್ಥಾನದ ಕುಶಲಿ ತನಾಕಾ ಹಿಸಾಶಿಗೆಯು ತಾನೇ ಒಂದು ಮಾದರಿಯನ್ನು ಮಾಡಿ ಓಡಿಸಿದನು. ನಿಜವಾದ ರೈಲು ಆ ದೇಶಕ್ಕೆ ಬಂದದ್ದು 1872ರಲ್ಲಿ. ಎಂದರೆ ಪೆರ್ರಿಯ ಆಟಿಕೆ ಬಂದ 18 ವರ್ಷಗಳ ತರುವಾಯ. ಈ ಲೆಕ್ಕವನ್ನು ನಂಬಿ ನಾನೂ ಕಾದೆ. ನನ್ನ ಎಂಜಿನ್ನು ಚನ್ನಗಿರಿ ತಾಲ್ಲೂಕನ್ನು ಪ್ರವೇಶಿಸಿ ಅಷ್ಟು ವರ್ಷಗಳು ಯಾವಾಗಲೋ ಸಂದುವು. ಚರಿತ್ರೆಯು ಮರುಕಳಿಸುತ್ತದೆಂದು ಬರೆದ ಪಂಡಿತರು ನಮ್ಮ ಕಡೆಗೆ ಬಂದವರಲ್ಲ.

ಎರಡನೆಯ ಎಂಜಿನ್ನನ್ನು ತಂದುಕೊಟ್ಟವನು ವಿದೇಶದಲ್ಲಿರುವ ನನ್ನ ಅಳಿಯ. ಇದು ಜೊಲ್ಲು ಸುರಿಸದ, ಮರ್ಯಾದಸ್ಥ ಎಂಜಿನ್ನು. 45 ಮಿಲಿಮೀಟರ್ ಅಗಲದ ಕಂಬಿಯ ಮೇಲೆ ಓಡತಕ್ಕದ್ದು. ಈ ಅಂಕಿಯಲ್ಲಿ ನಮಗೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಇಪ್ಪತ್ತೆರಡೂವರೆ ಪಾಲಿಗೆ ಒಂದು ಪಾಲಿನಂತೆ ಕುಗ್ಗಿಸಿದರೆ 45 ಮಿಲಿಮೀಟರಿನ ಕಂಬಿಯು ಹೆಚ್ಚು ಕಡಮೆ ಮೀಟರ್ ಗೇಜಿಗೆ ಸಮನಾಗುತ್ತದೆ. ಆ ಮೀಟರ್ ಗೇಜೇ ಮೈಸೂರು ಸೀಮೆಯ ಹಳೆಯ ಗೇಜು, ಬೀರೂರು, ಶಿವಮೊಗ್ಗ, ದಾವಣಗೆರೆಗಳ ಜನ ಒಂದು ಶತಮಾನದ ಹತ್ತಿರ ಹತ್ತಿಳಿದ ಗೇಜು. ಕಳೆದ ಶತಮಾನದ ಕೊನೆಗೆ ಅದನ್ನು ಕಿತ್ತು ಬ್ರಾಡ್ ಗೇಜು ಹಾಕಿದರು. ಆ ಕಾಲದ ಎಂಜಿನ್ನುಗಳನ್ನು ನೋಡಬೇಕಾದವರು ಈಗ ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿರುವವು ತಣ್ಣಗಿವೆ, ನನ್ನದು ಬಿಸಿಯಾಗಿದೆ.

ಕುಗ್ಗಿಸುವ ಈ ವಿದ್ಯೆಯಲ್ಲಿ ಒಂದು ಮೋಸವುಂಟು. ಉದ್ದವನ್ನು ಇಪ್ಪತ್ತೆರಡೂವರೆ ಪಾಲು ಕುಗ್ಗಿಸಿದಾಗ ಬಾಯ್ಲರಿನ ಹೊರಮೈ ಸುಮಾರು ಐನೂರು ಪಾಲು ಕುಗ್ಗುತ್ತದೆ. ಒಳಗೆ ಹಿಡಿಸುವ ನೀರಾದರೋ 11 ಸಾವಿರ ಪಾಲಿಗೂ ಮಿಕ್ಕಿ ಕುಗ್ಗುತ್ತದೆ. ಕಾಪಾಡಿಕೊಳ್ಳಲು ಬಿಸಿ ಅತ್ಯಲ್ಪ, ಕಳೆದುಕೊಳ್ಳಲು ಮೈ ಧಾರಾಳ. ಆದುದರಿಂದ ಮಾಘಮಾಸದ ಗಾಳಿ ಬೀಸಿದರೆ ದೊಡ್ಡ ಎಂಜಿನ್ನು ಲೆಕ್ಕಿಸುವುದಿಲ್ಲ, ನನ್ನದು ನಡುಗಿ ನಿಂತುಬಿಡುತ್ತದೆ. ನೀರೂ ಎಂಥದೆಂದರಂಥದು ಆಗದು. ನಮ್ಮ ಬೋರಿನ ಗಡಸು ನೀರು ಬಾಯ್ಲರಿನ ಒಳಗೆ ಸುಣ್ಣದ ಪದರ ಕಟ್ಟುತ್ತದೆ; ಮಳೆಯ ನೀರಾಗಬೇಕು, ಅದು ತೀರಿದರೆ ಬಸವನ ತೂಬಿನ ನಾಲೆಯಿಂದ ತಂದು ಬಟ್ಟೆಯಲ್ಲಿ ಸೋಸಿದ ಕೆರೆಯ ನೀರು. ಅಷ್ಟು ದೊಡ್ಡ ಕೆರೆಯಿಂದ ನಾನು ಪಡೆಯುವ ಪಾಲು ಒಂದು ಲೋಟ. ಅಚ್ಚುಕಟ್ಟಿನಲ್ಲಿ ನೀರಿಗಾಗಿ ಎಷ್ಟೆಷ್ಟೋ ವ್ಯಾಜ್ಯಗಳಾಗಿದ್ದರೂ ಈ ಲೋಟವನ್ನು ಕುರಿತು ಇನ್ನೂ ಯಾರೂ ಅರ್ಜಿ ಹಾಕಿಲ್ಲ. ಸ್ಪಿರಿಟ್ಟಿನ ಸಂಪಾದನೆ ಇದಕ್ಕಿಂತ ಕಷ್ಟ. ತಿಂಗಳಿಗೊಮ್ಮೆ ಔಷಧದ ಅಂಗಡಿಗೆ ಹೋಗಿ ಸ್ಪಿರಿಟ್ಟು ಕೇಳುವ ನಿವೃತ್ತ ಮೇಷ್ಟರ ಮುಖವನ್ನು ಅಂಗಡಿಯ ಹುಡುಗನು ನೋಡುವ ರೀತಿಯಲ್ಲಿ, ಗುರುಭಕ್ತಿಯೂ ಅನುಕಂಪವೂ ಸಮಪ್ರಮಾಣದಲ್ಲಿ ಬೆರೆತಿರುತ್ತವೆ.

ಕಂಬಿ ಹಾಸಲು ಅಡಿಕೆ ಒಣಗಿಸುವ ಸಿಮೆಂಟಿನ ಕಣಕ್ಕಿಂತ ಪ್ರಶಸ್ತವಾದ ಸ್ಥಳವಿಲ್ಲ. ಕೊಯ್ಲು ಸುಲಿತಗಳ ಕಾಲದಲ್ಲಿ ಅಲ್ಲಿ ಅಡಿಕೆಯದೇ ಪ್ರಭುತ್ವ. ಬೇಯಿಸಿದ ಅಡಿಕೆ ಕೆಂಪಗೆ ಹರವಿಕೊಂಡಿರುವಾಗ ರೈಲ್ವೆಯು ರಜ ಪಡೆಯುತ್ತದೆ. ಬೇಸಿಗೆಗೆ ಕಣ ತೆರವಾಯಿತೆಂದರೆ ನನ್ನ ಕಾಲ. ಮಳೆಯ ನೀರು ಹರಿದುಹೋಗಲೆಂದು ಗಾರೆಯವನು ಕಣವನ್ನು ಒಂದು ಮೂಲೆಗೆ ಅರ್ಧ ಗೇಣಿನಷ್ಟು ಇಳಿಜಾರು ಮಾಡಿದ್ದಾನೆ. ಕಣ್ಣಿಗೆ ಕಾಣದ ಆ ಏರು ನನ್ನ ಎಂಜಿನ್ನಿಗೆ ಕ್ಯಾಸಲ್ ರಾಕಿನ ಘಾಟಿ. ಅಲ್ಲಿಗೆ ಬಂದೊಡನೆ ಅದರ ಉಸಿರು ನಿಧಾನವಾಗುತ್ತದೆ, ಒಂದೊಂದು ಹೆಜ್ಜೆಗೂ ಅದು ಯೋಚಿಸುತ್ತದೆ; ನೋಡುತ್ತ ನಿಂತವರೆಲ್ಲ ತಮಗರಿಯದೆ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಮುಂದಕ್ಕೆ ಬಾಗುತ್ತಾರೆ. ತೋಟವನ್ನು ಖೇಣಿಗೆ ಹಿಡಿಯಲು ಬಂದ ಸಾಹುಕಾರನೊಬ್ಬನು ಒಂದು ಸಂಜೆ ಹೀಗೆ ಬಾಗಿದ್ದವನು ನೆಟ್ಟಗಾಗಿ, "ಎಷ್ಟ್ ಎಳೀತೈತ್ರಿ ಮೇಷ್ಟ್ರೇ ಇದು?" ಎಂದನು. ಪರೀಕ್ಷೆಯೇ ಆಗಲೆಂದು ಹಿಂದಿನ ಎರಡು ಗೂಡ್ಸ್ ಡಬ್ಬಿಗಳಿಗೂ ರಾಶಿ ಅಡಿಕೆಯನ್ನು ತುಂಬಿದೆವು. ಎಂಜಿನ್ನು ಘಾಟಿಯಲ್ಲಿ ತಿಣುಕಿ, ಚಕ್ರ ಜಾರಿ, ಕೊನೆಗೆ ಹತ್ತಿಯೇಬಿಟ್ಟಿತು. ಸಾಹುಕಾರನು ಗಾಡಿಗೆ ತಗಲಿದ ಹಣವನ್ನೂ ಸಾಗಿಸಿದ ಅಡಿಕೆಯ ಅಂದಿನ ಧಾರಣೆಯನ್ನೂ ಮನಸ್ಸಿನಲ್ಲಿಯೇ ಭಾಗಿಸಿ, "ಲಾರೀನೇ ವಾಸಿ" ಎಂದು ತೀರ್ಪು ಕೊಟ್ಟನು. ಕೊಡಲಿ, ನಮ್ಮ ಊರಿನಿಂದ ಅಡಿಕೆಯನ್ನು ರೈಲಿನಲ್ಲಿ ರವಾನಿಸಿದ ಕೀರ್ತಿ ನನ್ನದು.

ಈ ವಾರ್ತೆ ಹಬ್ಬಿ, ಪಕ್ಕದ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದ ನಿವೃತ್ತ ಫೈರ್‌ಮನ್ನನೊಬ್ಬನು ಕೋಲೂರಿಕೊಂಡು ಬಂದನು. ಮೀಟರ್ ಗೇಜಿನ ಕಾಲದಲ್ಲಿ ಬೀರೂರಿನ ಕಡೆ ಕಲ್ಲಿದ್ದಲು ಎತ್ತಿ ಹಾಕಿದ ಕೈ ಅದು. ಬಂದವನು ಹೊಗಳಲಿಲ್ಲ, ನಗಲೂ ಇಲ್ಲ. ಕುಕ್ಕುರುಗಾಲಿನಲ್ಲಿ ಕುಳಿತು ಎಂಜಿನ್ನಿನ ಸುತ್ತ ಕಣ್ಣಾಡಿಸಿ, ಸೇಫ್ಟಿ ವಾಲ್ವನ್ನು ಉಗುರಿನಿಂದ ಮೀಟಿ ನೋಡಿ, ನಾನು ಗಾಡಿ ಬಿಡಲು ಕೈ ಚಾಚಿದೊಡನೆ ಕೋಲನ್ನು ಅಡ್ಡ ಹಿಡಿದನು.

"ಲೈನ್ ಕ್ಲಿಯರ್ ಎಲ್ಲೈತೆ, ಮೇಷ್ಟ್ರೇ?"

ಇದು ಸುತ್ತು ದಾರಿ, ಇರುವುದು ಒಂದೇ ಗಾಡಿ, ಎದುರಿಗೆ ಬರುವ ಗಾಡಿ ಯಾವುದೂ ಇಲ್ಲವೆಂದು ಹೇಳಿದೆ.

"ಇಲ್ಲ ಅಂತ ಯಾರು ಬರಕೊಟ್ಟವ್ರೆ? ಸಿಂಗಲ್ ಲೈನಾಗೆ ಟೋಕನ್ ಇಲ್ದಂಗೆ ಗಾಡಿ ಬಿಟ್ರೆ ಕೆಲಸ ಹೋಗ್ತೈತೆ."

ಒಂಟಿ ಕಂಬಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗಬಾರದೆಂದು ಎರಡು ನಿಲ್ದಾಣಗಳ ನಡುವೆ ಒಂದು ಲೋಹದ ಚೆಂಡನ್ನು ಪರವಾನೆಯಾಗಿ ಇಟ್ಟಿರುತ್ತಿದ್ದರು. ನಿಲ್ದಾಣದ ಟೋಕನ್ ಯಂತ್ರದಿಂದ ಒಂದು ಚೆಂಡು ಹೊರಬಂದಿತೆಂದರೆ ಅದು ಒಂದಲ್ಲ ಒಂದು ನಿಲ್ದಾಣದ ಯಂತ್ರಕ್ಕೆ ಮರಳುವವರೆಗೆ ಇನ್ನೊಂದು ಬಾರದು. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು ಓಡುವ ಗಾಡಿಯ ಡ್ರೈವರಿಗೆ ಕೊಡುತ್ತಿದ್ದರು. ಈ ವಿಧಿಯನ್ನು ಆತನು ಹುಡುಗರಿಗೆಲ್ಲ ಪಾಠ ಹೇಳಿದನು. ಚೆಂಡಿಗಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ಗೋಟಡಿಕೆಯೊಂದು ಗಾತ್ರದಲ್ಲಿಯೂ ದುಂಡಿನಲ್ಲಿಯೂ ಒಪ್ಪಿಗೆಯಾಯಿತು. ಮನೆಯಾಕೆಯ ಹಳೆಯ ಎಲೆಯಡಿಕೆಯ ಸಂಚಿಯು ಟೋಕನ್ ಚೀಲವಾಯಿತು. ಅಂದಿನಿಂದ ಗೋಟಡಿಕೆಯನ್ನು ಕೈಯಿಂದ ಕೈಗೆ ಕೊಟ್ಟು, ತೆಗೆದುಕೊಂಡವನು ಮುಟ್ಟಿ ನೋಡಿ ತಲೆಯಾಡಿಸಿದ ಹೊರತು ನಮ್ಮಲ್ಲಿ ಗಾಡಿ ಹೊರಟದ್ದಿಲ್ಲ. ಹುಡುಗರಂತೂ ನನ್ನ ಮಾತಿಗಿಂತ ಆತನ ಕೋಲಿಗೆ ಹೆಚ್ಚು ಬೆಲೆ ಕೊಡತೊಡಗಿದರು.

ಹೋದ ಬೇಸಿಗೆಯಲ್ಲಿ ಚಿಕ್ಕಜಾಜೂರಿನಿಂದ ಬಂದ ನೆಂಟರ ಮುಂದೆ ಪ್ರದರ್ಶನಕ್ಕೆಂದು ಎಲ್ಲವೂ ಸಿದ್ಧವಾಗಿತ್ತು. ಉಗಿ ಬಂದಿತ್ತು, ಸೇಫ್ಟಿ ವಾಲ್ವು ಸೀಟಿ ಹಾಕುತ್ತಿತ್ತು, ಎರಡು ಡಬ್ಬಿಗಳಿಗೂ ಹುಡುಗರು ನೆಲಗಡಲೆ ತುಂಬಿದ್ದರು. ಟೋಕನ್ ಕೊಡಲು ಸಂಚಿಗೆ ಕೈಹಾಕಿದರೆ ಸಂಚಿ ಬರಿದಾಗಿತ್ತು. ಎಲ್ಲರೂ ನೆಲವನ್ನು ಹುಡುಕುತ್ತಿರಲು, ಕಣದ ಕಟ್ಟೆಯ ಮೇಲೆ ಅಡಕೊತ್ತನ್ನು ಮಡಚಿ ಸೊಂಟಕ್ಕೆ ಸಿಕ್ಕಿಸುತ್ತ, ತುಂಬಿದ ಬಾಯಿಯಿಂದ ಏನನ್ನೂ ಹೇಳಲಾರದೆ, ನಮ್ಮ ಫೈರ್‌ಮನ್ನನು ಕೋಲನ್ನೆತ್ತಿ ಗಾಡಿಯನ್ನು ನಿಲ್ಲಿಸೆಂದು ಸನ್ನೆ ಮಾಡಿದನು. ಇನ್ನೊಂದು ಗೋಟಡಿಕೆಯನ್ನು ತರುತ್ತೇನೆಂದು ಮನೆಯಾಕೆ ಎದ್ದಳು. ಆತನು ಪಕ್ಕಕ್ಕೆ ಹೋಗಿ ಉಗಿದು ಬಂದು, ಮೊದಲನೆಯದು ಯಂತ್ರಕ್ಕೆ ಮರಳದೆ ಎರಡನೆಯದನ್ನು ಹೊರಗೆ ತೆಗೆಯುವ ಕಾನೂನಿಲ್ಲವೆಂದೂ, ಸೆಕ್ಷನ್ನು ಬ್ಲಾಕಾಗಿದೆಯೆಂದೂ ಗಂಭೀರವಾಗಿ ಸಾರಿದನು. ಆ ಸಂಜೆ ನಮ್ಮಲ್ಲಿ ಗಾಡಿ ಓಡಲಿಲ್ಲ. ನೆಂಟರು ಡಬ್ಬಿಯಲ್ಲಿದ್ದ ನೆಲಗಡಲೆಯನ್ನು ತಿಂದು ಬಸ್ಸಿಗೆ ಹೋದರು.