ಕೆಸರೇ ರಸಿಕರ ಗುರು

ಬಯಲು ಸಂಗೀತೋತ್ಸವದಲ್ಲಿ ರಸಿಕರನ್ನು ತಯಾರಿಸುವುದು ಸಂಗೀತವಲ್ಲ, ಕೆಸರು. ಇಂಗ್ಲೆಂಡಿನ ವೋಮ್ಯಾಡ್ ಉತ್ಸವವನ್ನೇ ನೋಡಿ. ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಗೆಳೆಯರು 1982ರಲ್ಲಿ ಶೆಪ್ಟನ್ ಮ್ಯಾಲೆಟ್‌ನಲ್ಲಿ ನಡೆಸಿದ ಮೊದಲ ಉತ್ಸವದಲ್ಲಿ ಬುರುಂಡಿಯ ಡೋಲುಗಾರರು ನೆಲ ನಡುಗಿಸಿದರು. ಲೆಕ್ಕದ ಪುಸ್ತಕ ಅದಕ್ಕಿಂತ ಜೋರಾಗಿ ನಡುಗಿತು. ಸಾಲ ತೀರಿಸಲು ಗೇಬ್ರಿಯಲ್ ತಾವು ಬಿಟ್ಟುಬಂದಿದ್ದ ಜೆನೆಸಿಸ್ ತಂಡದೊಡನೆ ಅದೇ ವರ್ಷ ಮತ್ತೆ ಹಾಡಬೇಕಾಯಿತು. ಆವತ್ತೂ ಮಳೆ! 2007ರಲ್ಲಿ ಉತ್ಸವ ಚಾರ್ಲ್‌ಟನ್ ಪಾರ್ಕಿಗೆ ಬಂದಾಗಲಂತೂ ಕಲಾವಿದರಿಗಿಂತ ಗಂಬೂಟುಗಳದೇ ದರ್ಬಾರು.

ಮನೆಯಲ್ಲೇ ಕಾಫಿ ಹೀರುತ್ತ ಫೋನಿನಲ್ಲಿ ಮಾಲಿ ದೇಶದ ಕೋರಾ ವಾದ್ಯ ಕೇಳಬಾರದೇ ಎನ್ನುವವರಿದ್ದಾರೆ. ಕೇಳಬಹುದು, ಅರ್ಧ ನಿಮಿಷ. ಆಮೇಲೆ ಹೆಬ್ಬೆರಳು ಸುಮ್ಮನಿರುವುದಿಲ್ಲ. ಬಯಲಿನಲ್ಲಿ ಕಾಲು ಹೂತುಹೋಗಿರುತ್ತದೆ, ಓಡುವಂತಿಲ್ಲ. ಇಪ್ಪತ್ತನೇ ನಿಮಿಷಕ್ಕೆ ತಲೆ ತಾನಾಗಿ ತೂಗುತ್ತದೆ. ಹಾಗಾದರೆ ಸಭಾಂಗಣದಲ್ಲಿ ಕೂರಿಸಿದರೂ ಸಾಕಲ್ಲ ಎಂಬ ತಕರಾರೂ ಉಂಟು. ಸಾಲದು, ಸ್ವಾಮಿ. ಸಭಾಂಗಣಕ್ಕೆ ಬಾಗಿಲಿರುತ್ತದೆ, ಬಾಗಿಲಾಚೆ ಕ್ಯಾಂಟೀನು. ವೋಮ್ಯಾಡ್‌ನವರು ಇದನ್ನೂ ಯೋಚಿಸಿದ್ದಾರೆ: ಹಸಿವಾಯಿತೆಂದು ಜಾರಿಕೊಂಡವರಿಗೂ ಬಿಡುಗಡೆಯಿಲ್ಲ. ಅಲ್ಲೊಂದು ವೇದಿಕೆಯಲ್ಲಿ ಕಲಾವಿದರೇ ತಮ್ಮೂರಿನ ಅಡುಗೆ ಮಾಡುತ್ತ, ನಡುನಡುವೆ ಹಾಡುತ್ತಾರೆ. ಒಗ್ಗರಣೆ ಸೀದರೂ ಶ್ರುತಿ ತಪ್ಪುವುದಿಲ್ಲ.