ನಿಂಬೆಹಣ್ಣಿನ ಪರ್ಮಿಟ್

(ಸೇಲಂ. ನವರಾತ್ರಿ ಹತ್ತಿರ ಬಂದಿದೆ. ಪುಣೆಗೆ ಹೊರಟ ಪಿಕಪ್‌ಗೆ ಸಬ್ಬಕ್ಕಿ ಮೂಟೆ ಏರುತ್ತಿದೆ. ಮಹಾರಾಷ್ಟ್ರದವರು ಉಪವಾಸ ಕೂತರೆ ಸೇಲಂನವರ ಹೊಟ್ಟೆ ತುಂಬುತ್ತದೆ.)

ಮಾವ: ಸಾವಿರ ಕಿಲೋಮೀಟರ್ ದಾರಿ. ತಯಾರಿ ಆಯ್ತೇನಪ್ಪಾ?

ಅಳಿಯ: ಪಕ್ಕಾ! ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಗಾಜಿನ ಮೇಲೆ ಮುರುಗ, ಹೊಸೂರು ದಾಟಿದ ಮೇಲೆ ಮಾದಪ್ಪ, ನಿಪ್ಪಾಣಿಯಿಂದಾಚೆಗೆ ಗಣಪತಿ.

ಮಾವ: ಸಬ್ಬಕ್ಕಿಗೆ 2023ರಲ್ಲೇ ಜಿಐ ಟ್ಯಾಗ್ ಸಿಕ್ತು. ಗಾಡಿಗೆ ಫಿಟ್‌ನೆಸ್ ಸಿಕ್ಕಿದೆಯಾ?

ಅಳಿಯ: ಹೊಸ ಹಾರನ್ ಹಾಕಿಸಿದ್ದೀನಿ. ಮೂರು ರಾಗ.

ಮಾವ: ಬ್ರೇಕು?

ಅಳಿಯ: ಹೋಗುವಾಗ ತೊಪ್ಪೂರು ಘಾಟಿ ಏರು. ಬ್ರೇಕ್ ಯಾಕೆ?

ಮಾವ: ಬರುವಾಗ?

ಅಳಿಯ: ಧರ್ಮಪುರಿ ಕಳೆದರೆ ಇಳಿಜಾರು. ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿದರೆ ಡೀಸೆಲ್ ಮಿಕ್ಕುತ್ತೆ.

ಮಾವ: ಎಂಜಿನ್ ನಿಂತರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ, ಸ್ಟೇರಿಂಗ್ ಬಿಗಿಯುತ್ತೆ. ಆ ಘಾಟಿಯಲ್ಲಿ ಎಷ್ಟು ಲಾರಿ ಮುಂದಿನ ಗಾಡಿಗಳ ಮೇಲೆ ನುಗ್ಗಿವೆ, ಕೇಳಿಲ್ವಾ? ಈಗಿನ ಎಂಜಿನ್ನು ಗೇರಿನಲ್ಲೇ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲನ್ನೇ ಕುಡಿಯಲ್ಲ ಮಾರಾಯ!

ಅಳಿಯ: ಅದು ಎಂಜಿನ್‌ಗೆ ಗೊತ್ತು. ನಮ್ಮ ಓನರ್‌ಗೆ ಗೊತ್ತಿಲ್ಲ.

(ಓನರ್ ನೆರಳಲ್ಲಿ ನಿಂತು ಮೂಟೆ ಎಣಿಸುತ್ತಿದ್ದಾರೆ. ಆರ್‌ಸಿಯಲ್ಲಿ ಬರೆದ ತೂಕವನ್ನು ಅವರು ಆರಂಭಿಕ ಸಲಹೆ ಎಂದಷ್ಟೇ ತಿಳಿದಿದ್ದಾರೆ.)

ಮಾವ: ಎಷ್ಟು ಲೋಡು?

ಅಳಿಯ: ಪಾಸಿಂಗ್ ಒಂದೂವರೆ ಟನ್, ಹಾಕಿರೋದು ಎರಡೂವರೆ.

ಮಾವ: ಅಯ್ಯೋ, ಟೈರ್ ಸಿಡಿದರೆ?

ಅಳಿಯ: ಸುಮ್ಮನಿರಿ ಮಾವ, ಅದನ್ನೂ ಯೋಚಿಸಿದ್ದೀನಿ. ತೂಕ ಜಾಸ್ತಿ ಆಯ್ತು ಅಂತ ಸ್ಟೆಪ್ನಿ ಇಳಿಸಿ ಮನೇಲಿಟ್ಟೆ!