ಬಗೆಹರಿದ ಸಮಸ್ಯೆಯ ಪ್ರೊಫೆಸರು

ಯಂತ್ರಕ್ಕೆ ಕಣ್ಣು ಬರಿಸಲು ಹೊರಟ ಪ್ರೊಫೆಸರರನ್ನು ಗುರುತು ಹಿಡಿಯುವುದು ಸುಲಭ. ಕಂಪ್ಯೂಟರ್ ದೃಷ್ಟಿಯವರ ಜೂನ್ ತಿಂಗಳ ಸಿವಿಪಿಆರ್ ಸಮ್ಮೇಳನಕ್ಕೆ ಅವರು ಕಳಿಸಿದ ಪ್ರಬಂಧ ಓದಿದರೆ ಸಮಸ್ಯೆ ಬಹುಪಾಲು ಬಗೆಹರಿದಿದೆ. ಅದೇ ವರ್ಷ ಅನುದಾನಕ್ಕೆ ಗುಜರಾಯಿಸಿದ ಅರ್ಜಿ ಓದಿದರೆ ಇನ್ನೂ ಏನೂ ಆಗಿಲ್ಲ, ದುಡ್ಡು ಕೊಟ್ಟರೆ ನೋಡೋಣ. ಎರಡರಲ್ಲೂ ಹೆಸರು ಒಂದೇ. ಇದು ಎರಡು ನಾಲಿಗೆ ಎಂದು ಬೈಯುವವರಿದ್ದಾರೆ. ಎರಡೂ ನಿಜವೇ ಎಂಬುದು ನನ್ನ ವಾದ. ಆ ಎರಡು ನಿಜಗಳ ನಡುವಿನ ಸಂದಿಯಲ್ಲೇ ಅವರ ನೌಕರಿ, ಬಡ್ತಿ, ವಿಮಾನಯಾನ ಎಲ್ಲ ನಡೆಯುತ್ತದೆ.

ಈ ವೃತ್ತಿಯ ಜಾತಕವೇ ಹಾಗಿದೆ. 1966ರಲ್ಲಿ ಎಂಐಟಿಯ ಸೇಮೋರ್ ಪ್ಯಾಪರ್ಟ್, ದೃಷ್ಟಿವ್ಯವಸ್ಥೆಯ ಗಣನೀಯ ಭಾಗವನ್ನು ಬೇಸಿಗೆಗೆ ಬಂದ ಹುಡುಗರಿಂದ ಕಟ್ಟಿಸುವ ಯೋಜನೆ ಬರೆದರು. ಆ ಬೇಸಿಗೆ ಇನ್ನೂ ಮುಗಿದಿಲ್ಲ. 1979ರಲ್ಲಿ ಹ್ಯಾನ್ಸ್ ಮೊರಾವೆಕ್ ಅವರ ಸ್ಟ್ಯಾನ್‌ಫರ್ಡ್ ರೋಬೋ ಗಾಡಿ ಕುರ್ಚಿಗಳಿದ್ದ ಕೋಣೆಯನ್ನು ತಾನಾಗಿ ದಾಟಿತು; ಸುಮಾರು ಐದು ಗಂಟೆ ಹಿಡಿಯಿತು. ಪ್ರಬಂಧಕ್ಕೆ ‘ದಾಟಿತು’ ಸಾಕು, ಅರ್ಜಿಗೆ ‘ಐದು ಗಂಟೆ’ ಬೇಕು. 1995ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನ್ಯಾವ್‌ಲ್ಯಾಬ್ ವ್ಯಾನು ಅಮೆರಿಕವನ್ನು ಅಡ್ಡಹಾಯುವಾಗ ಶೇ. 98ರಷ್ಟು ದೂರ ಸ್ಟಿಯರಿಂಗನ್ನು ತಾನೇ ತಿರುಗಿಸಿತು. ಬ್ರೇಕು ಮಾತ್ರ ಮನುಷ್ಯನ ಕಾಲಡಿಯಲ್ಲೇ ಇತ್ತು. ಚಾಲಕರಿಲ್ಲದ ವಾಹನಗಳ 2004ರ ಡಾರ್ಪಾ ಪಂದ್ಯದಲ್ಲಿ ಅದೇ ವಿಶ್ವವಿದ್ಯಾಲಯದ ವಾಹನ ಇನ್ನೂರು ಕಿ.ಮೀ. ಮೀರಿದ ಮರುಭೂಮಿಯ ದಾರಿಯಲ್ಲಿ ಸುಮಾರು 12 ಕಿ.ಮೀ. ಹೋಗಿ ಸಿಕ್ಕಿಕೊಂಡಿತು. ಆ ದಿನದ ದಾಖಲೆ ಅದೇ!

2012ರ ನಂತರ ಕಾಲ ಬದಲಾಯಿತಲ್ಲ, ಎನ್ನಬಹುದು. ಬದಲಾಯಿತು. ಆ ವರ್ಷ ಚಿತ್ರ ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಎರಡನೆಯವರ ತಪ್ಪು ಶೇ. 26 ಇದ್ದಾಗ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಅದನ್ನು ಶೇ. 15ಕ್ಕೆ ಇಳಿಸಿತು. ನ್ಯೂರಲ್ ನೆಟ್‌ವರ್ಕ್ ಎಂದರೆ ಮೂಗು ಮುರಿಯುತ್ತಿದ್ದವರೇ ಅದರ ಪಾಠ ಹೇಳತೊಡಗಿದರು. ಆದರೆ ಫೋಟೋದೊಳಗಿನ ಲೋಟಕ್ಕೆ ಹೆಸರು ಹೇಳುವುದು ಬೇರೆ, ಮೇಜಿನ ಮೇಲಿನ ಲೋಟ ಎತ್ತುವುದು ಬೇರೆ. ಗಾಜಿನದಾದರೆ ಆಳ ಅಳೆಯುವ ಬೆಳಕು ಅದನ್ನು ತೂರಿ ಹೋಗುತ್ತದೆ. ಸ್ಟೀಲಿನದಾದರೆ ಎತ್ತಲೋ ಚಿಮ್ಮುತ್ತದೆ. ಪ್ರೊಫೆಸರರ ವಿಡಿಯೋದಲ್ಲಿ ರೋಬೋ ಲೋಟವನ್ನು ಚಕಚಕನೆ ಎತ್ತುತ್ತದೆ, ಸರಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎಂಟು ಪಟ್ಟು ವೇಗ ಎಂದು ಬರೆದಿರುತ್ತದೆ. ಅದನ್ನು ಬರೆಯುವಷ್ಟು ಪ್ರಾಮಾಣಿಕರು ಅವರು.

ಯಾವ ಶಾಸ್ತ್ರದಲ್ಲಿ ಈ ಸಂದಿ ಇಲ್ಲ ಎಂಬ ಆಕ್ಷೇಪವೂ ಉಂಟು. ಇದ್ದೀತು. ಆದರೆ ಕಣಭೌತವಿಜ್ಞಾನಿಯ ಸೋಲು ನಮಗೆ ನಿಮಗೆ ಕಾಣುವುದಿಲ್ಲ. ಇವರ ರೋಬೋ ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆದರೆ ಮೂರು ವರ್ಷದ ಮಗುವೂ ನಗುತ್ತದೆ. ಪ್ರೊಫೆಸರರು ಮಾತ್ರ ನಗುವುದಿಲ್ಲ. ಡಿಕ್ಕಿಯ ಚಿತ್ರಗಳನ್ನೆಲ್ಲ ಕೂಡಿಹಾಕಿ, ಗಾಜಿನ ಬಾಗಿಲುಗಳದೇ ಹೊಸ ಡೇಟಾಸೆಟ್ ಎಂದು ಹೆಸರಿಟ್ಟು, ಮುಂದಿನ ಗಡುವಿನೊಳಗೆ ಎಂಟು ಪುಟ ಬರೆದು ಕಳಿಸುತ್ತಾರೆ.